ದ್ವಿಚಕ್ರ ವಾಹನ ನಿಲುಗಡೆ

ದ್ವಿಚಕ್ರ ವಾಹನ ನಿಲುಗಡೆ ಎಂದರೆ ಮೋಟಾರ್ ಸೈಕಲ್, ಸ್ಕೂಟರ್, ಮೊಪೆಡ್ ಮುಂತಾದ ಎರಡು ಗಾಲಿಯ ಮೋಟಾರು ವಾಹನವನ್ನು ಎಂಜಿನ್ ಆರಿಸಿ, ಸ್ಟ್ಯಾಂಡ್ ಹಾಕಿ, ಸವಾರನಿಲ್ಲದೆ ಒಂದೆಡೆ ಬಿಟ್ಟಿರುವುದು. ಹಾಗೆ ಬಿಡಬಹುದಾದ ಜಾಗ, ಅವಧಿ ಮತ್ತು ವಿಧಾನವನ್ನು ಗೊತ್ತುಮಾಡುವ ಕಾನೂನು ಹಾಗೂ ಸುರಕ್ಷತಾ ಕ್ರಮಗಳೂ ಈ ಹೆಸರಿನಲ್ಲೇ ಅಡಕವಾಗುತ್ತವೆ. ಭಾರತದಲ್ಲಿ ನೋಂದಣಿಯಾದ ಮೋಟಾರು ವಾಹನಗಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ದ್ವಿಚಕ್ರ ವಾಹನಗಳೇ ಆಗಿರುವುದರಿಂದ ಇಲ್ಲಿನ ನಗರಗಳ ನಿಲುಗಡೆ ಸಮಸ್ಯೆಯಲ್ಲಿ ಅವುಗಳ ಪಾಲು ದೊಡ್ಡದು. ಈ ಲೇಖನ ಮುಖ್ಯವಾಗಿ ಭಾರತದ ಕಾನೂನನ್ನೂ ಕರ್ನಾಟಕದ ರೂಢಿಯನ್ನೂ ಕುರಿತದ್ದು.

ಪರಿಭಾಷೆ

ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಮೋಟಾರ್ ಸೈಕಲ್ ಎಂದರೆ ಎರಡು ಗಾಲಿಯ ಮೋಟಾರು ವಾಹನ. ಬಿಚ್ಚಿ ತೆಗೆಯಬಹುದಾದ, ಹೆಚ್ಚುವರಿ ಗಾಲಿಯುಳ್ಳ ಸೈಡ್ ಕಾರ್ ಜೋಡಿಸಿದ್ದರೂ ಅದು ಮೋಟಾರ್ ಸೈಕಲ್ಲೇ. ಜನ ಬೈಕು, ಸ್ಕೂಟರು, ಗಾಡಿ ಎಂದು ಬೇರೆ ಬೇರೆಯಾಗಿ ಕರೆಯುವ ಎಲ್ಲವೂ ನಿಲುಗಡೆ ನಿಯಮಗಳ ಮಟ್ಟಿಗೆ ಒಂದೇ ವರ್ಗ.

'ನಿಲುಗಡೆ' ಮತ್ತು 'ನಿಲ್ಲಿಸುವುದು' ಎಂಬ ಎರಡನ್ನು ಬೇರೆಯಾಗಿ ಗ್ರಹಿಸಬೇಕು. ಹಿಂಬದಿ ಸವಾರನನ್ನು ಇಳಿಸಲು ಅಥವಾ ಹತ್ತಿಸಿಕೊಳ್ಳಲು ಕ್ಷಣಕಾಲ ಗಾಡಿ ತಡೆಯುವುದು ನಿಲ್ಲಿಸುವುದು. ಗಾಡಿಯನ್ನು ಬಿಟ್ಟು ಬೇರೆ ಕೆಲಸಕ್ಕೆ ಹೋಗುವುದು ನಿಲುಗಡೆ. ನಿಲುಗಡೆ ಮಾತ್ರ ನಿಷಿದ್ಧವಾದ ಜಾಗದಲ್ಲಿ ಮೊದಲನೆಯದಕ್ಕೆ ಅವಕಾಶವಿದೆ. ನಿಲ್ಲಿಸುವುದೇ ನಿಷಿದ್ಧವಾದ ಜಾಗದಲ್ಲಿ ಎರಡಕ್ಕೂ ಇಲ್ಲ. 'ಸಾರ್ವಜನಿಕ ಸ್ಥಳ' ಎಂಬುದಕ್ಕೆ ಕಾಯ್ದೆಯಲ್ಲಿ ವಿಶಾಲ ಅರ್ಥವಿದ್ದು, ಜನರಿಗೆ ಹೋಗಿಬರುವ ಹಕ್ಕಿರುವ ರಸ್ತೆ, ಬೀದಿ, ದಾರಿಗಳೆಲ್ಲ ಅದರಲ್ಲಿ ಸೇರುತ್ತವೆ.

ಹಿನ್ನೆಲೆ

ಮೋಟಾರ್ ಸೈಕಲ್ ಸೈಕಲ್‌ನಿಂದ ಬೆಳೆದುಬಂದ ವಾಹನ. ಅದರ ನಿಲುಗಡೆ ಪದ್ಧತಿಯೂ ಹಾಗೆಯೇ. ಕರ್ನಾಟಕದ ಊರುಗಳಲ್ಲಿ ಬಸ್ ನಿಲ್ದಾಣ, ರೈಲು ನಿಲ್ದಾಣ, ಚಿತ್ರಮಂದಿರಗಳ ಪಕ್ಕದ ನಿಲುಗಡೆ ಆವರಣದಲ್ಲಿ ಒಂದೂ ಸೈಕಲ್ ಇಲ್ಲದಿದ್ದರೂ ಅದನ್ನು ಇಂದಿಗೂ ಸೈಕಲ್ ಸ್ಟ್ಯಾಂಡ್ ಎನ್ನುವುದುಂಟು. ಚೀಟಿ ಹರಿದುಕೊಡುವುದು, ಸಾಲಾಗಿ ಒತ್ತೊತ್ತಾಗಿ ನಿಲ್ಲಿಸುವುದು, ರಾತ್ರಿ ತಂಗಿದರೆ ಹೆಚ್ಚು ದರ ಪಡೆಯುವುದು ಎಲ್ಲವೂ ಆ ಕಾಲದಿಂದ ಬಂದ ಕ್ರಮ.

ದೇಶದ ಮೊದಲ ಕೇಂದ್ರೀಯ ಮೋಟಾರು ವಾಹನ ಕಾಯ್ದೆ 1914ರದು. ಅದರ ಜಾಗಕ್ಕೆ 1939ರ ಕಾಯ್ದೆ ಬಂತು. ಈಗಿರುವ 1988ರ ಕಾಯ್ದೆ 1989ರ ಜುಲೈ 1ರಿಂದ ಜಾರಿಯಲ್ಲಿದೆ. ರಸ್ತೆಯಲ್ಲಿ ಹೇಗೆ ಓಡಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ವಿವರಗಳನ್ನು 1989ರ ರಸ್ತೆ ನಿಯಮಗಳು ಹೇಳುತ್ತಿದ್ದವು. 2017ರಲ್ಲಿ ಕೇಂದ್ರ ಸರ್ಕಾರ ಅವುಗಳ ಬದಲಿಗೆ ಮೋಟಾರು ವಾಹನ ಚಾಲನಾ ವಿನಿಯಮಗಳನ್ನು ಹೊರಡಿಸಿತು. 2019ರ ತಿದ್ದುಪಡಿಯಿಂದ ದಂಡದ ಮೊತ್ತಗಳು ಏರಿದವು.

ದ್ವಿಚಕ್ರ ವಾಹನಗಳ ಸಂಖ್ಯೆ ಕಡಿಮೆಯಿದ್ದ ಕಾಲದಲ್ಲಿ ಅವುಗಳ ನಿಲುಗಡೆ ಪ್ರತ್ಯೇಕ ವಿಷಯವಾಗಿರಲಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಬೈಕುಗಳೂ ಹೊರಗಿನಿಂದ ಬರುತ್ತಿದ್ದ ಬಜಾಜ್, ಲ್ಯಾಂಬ್ರೆಟಾ ಸ್ಕೂಟರುಗಳೂ ಮನೆಯ ಅಂಗಳದಲ್ಲೋ ಜಗಲಿಯ ಪಕ್ಕದಲ್ಲೋ ನಿಲ್ಲುತ್ತಿದ್ದವು. 1980ರ ದಶಕದ ನಡುವೆ ನೂರು ಸಿಸಿಯ, ಕಡಿಮೆ ಪೆಟ್ರೋಲ್ ಕುಡಿಯುವ ಬೈಕುಗಳು ಬಂದ ಮೇಲೆ ಮಧ್ಯಮ ವರ್ಗದ ಪ್ರತಿ ಮನೆಗೂ ಒಂದೊಂದು ಗಾಡಿ ಬಂತು. ನಿಲುಗಡೆ ಜಾಗ ಆ ವೇಗದಲ್ಲಿ ಬೆಳೆಯಲಿಲ್ಲ.

ಸ್ಟ್ಯಾಂಡ್ ಮತ್ತು ಸಮತೋಲನ

ಕಾರಿನಂತೆ ದ್ವಿಚಕ್ರ ವಾಹನ ತಾನಾಗಿ ನಿಲ್ಲಲಾರದು. ಅದನ್ನು ನಿಲ್ಲಿಸುವ ಸಾಧನ ಸ್ಟ್ಯಾಂಡ್. ಇದರಲ್ಲಿ ಎರಡು ಬಗೆ.

ಸೈಡ್ ಸ್ಟ್ಯಾಂಡ್ ಗಾಡಿಯ ಎಡಬದಿಗಿರುವ ಒಂಟಿ ಕಾಲು. ಅದನ್ನು ಇಳಿಸಿದಾಗ ಗಾಡಿ ಎಡಕ್ಕೆ ವಾಲಿ, ಎರಡು ಟೈರು ಹಾಗೂ ಸ್ಟ್ಯಾಂಡಿನ ಪಾದ ಹೀಗೆ ಮೂರು ಬಿಂದುಗಳ ಮೇಲೆ ಮುಕ್ಕಾಲಿಯಂತೆ ನಿಲ್ಲುತ್ತದೆ. ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸಿದರೆ ಭಾರ ಸ್ಟ್ಯಾಂಡಿನ ಮೇಲೆ ಸರಿಯಾಗಿ ಬೀಳುತ್ತದೆ, ಹ್ಯಾಂಡಲ್ ಲಾಕ್ ಕೂಡ ಅದೇ ಸ್ಥಿತಿಯಲ್ಲಿ ಬೀಳುತ್ತದೆ. ಗಮನಿಸಬೇಕಾದ್ದು ಸ್ಟ್ಯಾಂಡ್ ಮಡಚುವ ದಿಕ್ಕನ್ನು. ಸೈಡ್ ಸ್ಟ್ಯಾಂಡ್ ಮುಂದಕ್ಕೆ ತೆರೆದುಕೊಂಡು ಹಿಂದಕ್ಕೆ ಮಡಚಿಕೊಳ್ಳುತ್ತದೆ. ಆದ್ದರಿಂದ ನಿಂತ ಗಾಡಿ ಮುಂದಕ್ಕೆ ಉರುಳಿದರೆ ಸ್ಟ್ಯಾಂಡ್ ತಾನಾಗಿ ಮಡಚಿ ಗಾಡಿ ಬೀಳುತ್ತದೆ. ಹಿಂದಕ್ಕೆ ಉರುಳಲು ನೋಡಿದರೆ ಸ್ಟ್ಯಾಂಡ್ ಇನ್ನಷ್ಟು ಬಿಗಿಯಾಗಿ ಊರಿಕೊಳ್ಳುತ್ತದೆ. ಇಳಿಜಾರಿನಲ್ಲಿ ಗಾಡಿಯ ಮುಖ ಏರಿನ ಕಡೆಗಿರಬೇಕು ಎಂಬ ನಿಯಮ ಹುಟ್ಟಿದ್ದು ಇದರಿಂದ.

ಸೆಂಟರ್ ಸ್ಟ್ಯಾಂಡ್ ಅಥವಾ ದೊಡ್ಡ ಸ್ಟ್ಯಾಂಡಿಗೆ ಎರಡು ಕಾಲು. ಅದು ಹಿಂದಿನ ಗಾಲಿಯನ್ನು ನೆಲದಿಂದ ಎತ್ತಿ ಗಾಡಿಯನ್ನು ನೆಟ್ಟಗೆ ನಿಲ್ಲಿಸುತ್ತದೆ. ಜಾಗ ಕಡಿಮೆ ಸಾಕು, ಸಮತಟ್ಟಾದ ನೆಲದಲ್ಲಿ ಭದ್ರತೆ ಹೆಚ್ಚು. ದೀರ್ಘಕಾಲ ನಿಲ್ಲಿಸುವುದಕ್ಕೂ ಒತ್ತೊತ್ತಾದ ಸಾಲಿಗೂ ಇದೇ ತಕ್ಕದ್ದು. ಆದರೆ ಮುಂದಕ್ಕೆ ತಳ್ಳಿದರೆ ಇಳಿಯುವ ರಚನೆ ಇದಾದ್ದರಿಂದ ಇಳಿಜಾರಿನಲ್ಲಿ ಮುಖ ಕೆಳಗೆ ಮಾಡಿ ಸೆಂಟರ್ ಸ್ಟ್ಯಾಂಡ್ ಹಾಕುವುದು ಅಪಾಯಕಾರಿ. ಹಳೆಯ ಸ್ಕೂಟರುಗಳಲ್ಲಿ ಈ ಬಗೆಯ ಸ್ಟ್ಯಾಂಡ್ ಮಾತ್ರ ಇರುತ್ತಿತ್ತು. ಇಂದಿನ ಹಲವು ಕ್ರೀಡಾ ಮಾದರಿಯ ಬೈಕುಗಳಲ್ಲಿ ತೂಕ ಉಳಿಸಲು ಅದನ್ನು ಕೈಬಿಟ್ಟಿರುತ್ತಾರೆ.

ಸ್ಟ್ಯಾಂಡ್ ಎತ್ತದೆ ಗಾಡಿ ಓಡಿಸುವುದು ಅಪಘಾತಕ್ಕೆ ದಾರಿ. ಎಡಕ್ಕೆ ತಿರುಗುವಾಗ ಇಳಿಬಿಟ್ಟ ಸ್ಟ್ಯಾಂಡ್ ರಸ್ತೆಗೆ ತಾಗಿ ಗಾಡಿಯನ್ನು ಎತ್ತಿ ಹಾಕುತ್ತದೆ. ಇದನ್ನು ತಡೆಯಲು ಇತ್ತೀಚಿನ ಗಾಡಿಗಳಲ್ಲಿ, ವಿಶೇಷವಾಗಿ 2020ರ ಏಪ್ರಿಲ್‌ನಿಂದ ಬಿಎಸ್-6 ಎಂಬ ಹೊಗೆ ಮಾಲಿನ್ಯ ಮಾನದಂಡ ಜಾರಿಯಾದ ನಂತರ ಬಂದ ಅನೇಕ ಮಾದರಿಗಳಲ್ಲಿ, ಸೈಡ್ ಸ್ಟ್ಯಾಂಡ್ ಇಳಿದಿದ್ದರೆ ಎಂಜಿನ್ ಚಾಲೂ ಆಗದ ಅಥವಾ ಗೇರ್ ಹಾಕಿದೊಡನೆ ಆರುವ ಸಂವೇದಕವಿದೆ. ಸ್ಟ್ಯಾಂಡಿನ ಬಲ ಮತ್ತು ರಚನೆಗೆ ಎಐಎಸ್-146 ಎಂಬ ವಾಹನೋದ್ಯಮ ಮಾನದಂಡವೇ ಇದೆ.

ಕಾನೂನಿನ ಚೌಕಟ್ಟು

ನಿಲುಗಡೆಯ ಮೂಲ ಕಾನೂನು 1988ರ ಕಾಯ್ದೆಯ ಕೆಲವು ಕಲಂಗಳಲ್ಲಿದೆ. 117ನೇ ಕಲಂ ಪ್ರಕಾರ ರಾಜ್ಯ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟವರು ಸ್ಥಳೀಯ ಸಂಸ್ಥೆಯೊಂದಿಗೆ ಸಮಾಲೋಚಿಸಿ ನಿಲುಗಡೆ ಜಾಗಗಳನ್ನು ಗೊತ್ತುಮಾಡಬೇಕು. 122ನೇ ಕಲಂ ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಅಪಾಯ, ಅಡಚಣೆ ಅಥವಾ ಅನುಚಿತ ತೊಂದರೆ ಆಗುವಂತೆ, ಆಗಬಹುದಾದಂತೆ ವಾಹನ ಬಿಡುವುದನ್ನು ನಿಷೇಧಿಸುತ್ತದೆ. 'ಆಗಬಹುದಾದಂತೆ' ಎಂಬ ಮಾತಿಗೆ ಇಲ್ಲಿ ತೂಕವಿದೆ. ಯಾರಿಗೂ ಪೆಟ್ಟಾಗಿಲ್ಲ, ಯಾವ ವಾಹನವೂ ನಿಂತಿಲ್ಲ ಎಂಬ ಸಮಜಾಯಿಷಿ ಈ ಕಲಮಿನ ಮುಂದೆ ಸಾಲದು.

126ನೇ ಕಲಂ ಸವಾರನಿಲ್ಲದ ಗಾಡಿಗೆ ಸಂಬಂಧಿಸಿದ್ದು. ಪರವಾನಗಿ ಉಳ್ಳವನು ಸೀಟಿನ ಮೇಲಿಲ್ಲದಿದ್ದರೆ ಎಂಜಿನ್ ನಿಂತಿರಬೇಕು, ಗಾಡಿ ಆಕಸ್ಮಿಕವಾಗಿ ಚಲಿಸದಂತೆ ಬ್ರೇಕ್ ಅಥವಾ ಬೇರೆ ಕ್ರಮ ಆಗಿರಬೇಕು. ಅಂಗಡಿಯ ಮುಂದೆ ಎಂಜಿನ್ ಓಡುತ್ತಿರುವಂತೆಯೇ ಸೈಡ್ ಸ್ಟ್ಯಾಂಡ್ ಹಾಕಿ ಹಾಲಿನ ಪ್ಯಾಕೆಟ್ ತರಲು ಇಳಿದುಹೋಗುವುದು ಈ ಕಲಮಿಗೆ ವಿರುದ್ಧ. 127ನೇ ಕಲಂ ವಾಹನ ತೆರವಿನದು: ಹತ್ತು ಗಂಟೆ ಅಥವಾ ಹೆಚ್ಚು ಕಾಲ ಸಾರ್ವಜನಿಕ ಸ್ಥಳದಲ್ಲಿ ಯಾರ ನಿಗಾ ಇಲ್ಲದೆ ಬಿಟ್ಟ ವಾಹನವನ್ನು, ಇಲ್ಲವೇ ನಿಷೇಧಿತ ಜಾಗದಲ್ಲಿ ನಿಂತ ವಾಹನವನ್ನು ಎಳೆದೊಯ್ಯಲು ಅಥವಾ ಗಾಲಿಗೆ ಕ್ಲ್ಯಾಂಪ್ ಹಾಕಿ ಕಟ್ಟಿಹಾಕಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಅನುಮತಿಸಬಹುದು. ಸಂಚಾರಕ್ಕೆ ಅಪಾಯವೆನಿಸಿದರೆ ಕಾಯಬೇಕಾಗಿಲ್ಲ. ಎಳೆದೊಯ್ದ ಖರ್ಚು ಮಾಲೀಕನದು.

ಕರ್ನಾಟಕದಲ್ಲಿ ಯಾವುದಾದರೂ ರಸ್ತೆಯನ್ನು ನಿಲುಗಡೆ ನಿಷೇಧಿತ ಪ್ರದೇಶವೆಂದು ಸಾರುವ ಅಧಿಸೂಚನೆಯನ್ನು ಜಿಲ್ಲಾ ಮಟ್ಟದಲ್ಲಿ ಜಿಲ್ಲಾಧಿಕಾರಿ, ಕಮಿಷನರೇಟ್ ಇರುವ ನಗರಗಳಲ್ಲಿ ಪೊಲೀಸ್ ಆಯುಕ್ತರು ಹೊರಡಿಸುತ್ತಾರೆ. ಇಂಥ ಅಧಿಸೂಚನೆಗಳಲ್ಲಿ ಕಾಯ್ದೆಯ 115, 116, 117ನೇ ಕಲಂಗಳ ಜೊತೆಗೆ ಕರ್ನಾಟಕ ಮೋಟಾರು ವಾಹನ ನಿಯಮಗಳು, 1989ರ 221(ಎ) ನಿಯಮದ ಉಲ್ಲೇಖ ಕಾಣುತ್ತದೆ. ದಸರಾ, ರಥೋತ್ಸವ, ಸಂತೆ, ಪರೀಕ್ಷೆ ಮೊದಲಾದ ಸಂದರ್ಭಗಳಿಗೆ ತಾತ್ಕಾಲಿಕ ಆದೇಶಗಳೂ ಹೊರಡುತ್ತವೆ. ಅವುಗಳ ಸುದ್ದಿ ಪತ್ರಿಕೆಗಳಲ್ಲಿ ಬಂದಿರುತ್ತದೆ.

ಇವಲ್ಲದೆ ಸಾಮಾನ್ಯ ದಂಡ ಕಾನೂನೂ ಅನ್ವಯಿಸುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಂ ಸಾರ್ವಜನಿಕ ದಾರಿಯಲ್ಲಿ ಅಪಾಯ ಅಥವಾ ಅಡಚಣೆ ಉಂಟುಮಾಡಿದವರಿಗೆ ಐದು ಸಾವಿರ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಡುತ್ತದೆ. ಹಿಂದಿನ ದಂಡ ಸಂಹಿತೆಯಲ್ಲಿ ಇದೇ ಅಪರಾಧಕ್ಕೆ ಇದ್ದ ಮಿತಿ 200 ರೂಪಾಯಿ.

ನಿಲುಗಡೆ ನಿಷೇಧಿತ ಜಾಗಗಳು

ಕೇಂದ್ರದ ಚಾಲನಾ ವಿನಿಯಮಗಳು ಹೇಳುವ ನಿಷೇಧಿತ ಜಾಗಗಳು ಎಲ್ಲ ವಾಹನಗಳಿಗೂ ಒಂದೇ. ಫುಟ್‌ಪಾತ್, ಸೈಕಲ್ ಪಥ, ಪಾದಚಾರಿ ದಾಟುಪಟ್ಟಿ. ಕೂಡುರಸ್ತೆಯ ಅಂಚಿನಿಂದ ಎರಡೂ ಕಡೆ 50 ಮೀಟರ್‌ವರೆಗಿನ ಭಾಗ. ಗಂಟೆಗೆ 50 ಕಿಲೋಮೀಟರ್ ಅಥವಾ ಹೆಚ್ಚಿನ ವೇಗಮಿತಿಯುಳ್ಳ ರಸ್ತೆ. ಬಸ್ ತಂಗುದಾಣದ ಹತ್ತಿರ. ಶಾಲೆ, ಕಾಲೇಜು, ಆಸ್ಪತ್ರೆಗಳ ಪ್ರವೇಶದ್ವಾರದ ಬಳಿ. ಮನೆ ಅಥವಾ ಕಟ್ಟಡದ ಗೇಟಿನ ಎದುರು. ಸಂಚಾರ ಫಲಕ ಮರೆಯಾಗುವಂತೆ. ಅಂಚಿಗೆ ಎಡೆಬಿಡದ ಹಳದಿ ಗೆರೆ ಬಳಿದ ಕಡೆ. ನಿಂತ ಇನ್ನೊಂದು ವಾಹನದ ಪಕ್ಕಕ್ಕೆ ಎರಡನೇ ಸಾಲಾಗಿ. ಅಂಗವಿಕಲರಿಗೆ ಮೀಸಲಾದ ಜಾಗದಲ್ಲಿ. ತಿರುವು, ದಿಣ್ಣೆಯ ನೆತ್ತಿ, ಕಮಾನು ಸೇತುವೆಗಳ ಮೇಲೆ ನಿಲ್ಲಿಸಬಾರದೆಂಬುದು 1989ರ ನಿಯಮಗಳಲ್ಲೇ ಇತ್ತು. ಎದುರಿನಿಂದ ಬರುವವನಿಗೆ ಕೊನೆಯ ಗಳಿಗೆಯವರೆಗೂ ಗಾಡಿ ಕಾಣದಿರುವುದು ಅದಕ್ಕೆ ಕಾರಣ.

ಇವುಗಳಲ್ಲಿ ದ್ವಿಚಕ್ರ ಸವಾರರು ಅತಿ ಹೆಚ್ಚು ಮುರಿಯುವುದು ಫುಟ್‌ಪಾತ್ ನಿಯಮ. ಬೈಕು ಚಿಕ್ಕದು, ಫುಟ್‌ಪಾತ್ ಮೇಲೆ ಹತ್ತಿಸಿದರೆ ರಸ್ತೆಗೆ ತೊಂದರೆಯಿಲ್ಲ ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಕಾನೂನಿನಲ್ಲಿ ಅಂಥ ವಿನಾಯಿತಿ ಎಲ್ಲೂ ಇಲ್ಲ. ಬೈಕಿನ ಹ್ಯಾಂಡಲ್‌ನ ಅಗಲವೇ ಮುಕ್ಕಾಲು ಮೀಟರಿನ ಆಸುಪಾಸು. ನಮ್ಮ ಬಹುತೇಕ ಫುಟ್‌ಪಾತ್‌ಗಳ ಮೇಲೆ ಒಂದು ಬೈಕ್ ಅಡ್ಡ ನಿಂತರೆ ಗಾಲಿಕುರ್ಚಿ ದಾಟಲು ಜಾಗ ಉಳಿಯುವುದಿಲ್ಲ. ಬಿಳಿ ಕೋಲು ಹಿಡಿದು ನಡೆಯುವವರಿಗೆ ಕೋಲಿಗೆ ತಾಗುವುದು ಟೈರು, ಎದೆಗೆ ತಾಗುವುದು ಬ್ರೇಕ್ ಲೀವರು. ಮಗುವನ್ನು ಕೈಹಿಡಿದ ತಾಯಿ, ಮುದುಕರು ರಸ್ತೆಗಿಳಿದು ಬಸ್ಸಿನ ಪಕ್ಕದಲ್ಲಿ ನಡೆಯಬೇಕಾಗುತ್ತದೆ. ತಡೆಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿ, ಪಾದಚಾರಿಗಳಿಗಾಗಿ ಮಾರ್ಗಸೂಚಿ ರೂಪಿಸುವಂತೆ ಸರ್ಕಾರಗಳಿಗೆ ಸೂಚಿಸಿತು. ಬೆಂಗಳೂರಿನಲ್ಲಿ ಟೆಂಡರ್‌ಶ್ಯೂರ್ ಯೋಜನೆಯಡಿ ಮರುರೂಪಿಸಿದ ರಸ್ತೆಗಳಲ್ಲಿ ಫುಟ್‌ಪಾತ್ ಅಂಚಿಗೆ ಗೂಟಗಳನ್ನು ನೆಟ್ಟಿರುವುದು ಹೀಗೆ ಹತ್ತುವ ಗಾಡಿಗಳನ್ನು ತಡೆಯಲು.

ಫಲಕ ಮತ್ತು ಗುರುತು

ಸಂಚಾರ ಫಲಕಗಳ ರೂಪ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ನೀಲಿ ಹಿನ್ನೆಲೆ, ಕೆಂಪು ಅಂಚಿನ ವೃತ್ತದಲ್ಲಿ ಒಂದೇ ಓರೆ ಕೆಂಪು ಪಟ್ಟಿ ಇದ್ದರೆ ನಿಲುಗಡೆ ನಿಷೇಧ. ಎರಡು ಪಟ್ಟಿಗಳು ಒಂದನ್ನೊಂದು ಕತ್ತರಿಸಿದ್ದರೆ ನಿಲ್ಲಿಸುವುದೂ ನಿಷೇಧ. ನೀಲಿ ಚೌಕದ ಮೇಲೆ ದೊಡ್ಡ ಇಂಗ್ಲಿಷ್ 'ಪಿ' ಅಕ್ಷರವಿದ್ದರೆ ನಿಲುಗಡೆಗೆ ಅವಕಾಶ. ಅಕ್ಷರದ ಜೊತೆ ಸ್ಕೂಟರಿನ ಚಿತ್ರವಿದ್ದರೆ ಆ ಜಾಗ ದ್ವಿಚಕ್ರ ವಾಹನಗಳದು; ಅಲ್ಲಿ ಕಾರು ನಿಲ್ಲುವಂತಿಲ್ಲ. ಮುಖ್ಯ ಫಲಕದ ಕೆಳಗಿನ ಚಿಕ್ಕ ಫಲಕ ಸಮಯ, ದೂರ, ದಿಕ್ಕನ್ನು ತಿಳಿಸುತ್ತದೆ. ಬಾಣದ ಗುರುತು ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಹೇಳುವುದರಿಂದ ಅದನ್ನು ಓದದೆ ಗಾಡಿ ಬಿಡಬಾರದು.

ಪೇಟೆ ಬೀದಿಗಳಲ್ಲಿ ಸಮ ದಿನ, ಬೆಸ ದಿನದ ಪದ್ಧತಿ ಇದೆ. ತಿಂಗಳ ಸಮ ಸಂಖ್ಯೆಯ ದಿನಾಂಕಗಳಲ್ಲಿ ಒಂದು ಬದಿ, ಬೆಸ ದಿನಾಂಕಗಳಲ್ಲಿ ಇನ್ನೊಂದು ಬದಿ ನಿಲ್ಲಿಸಬೇಕು. ಎರಡೂ ಬದಿಯ ವ್ಯಾಪಾರಿಗಳಿಗೆ ತೊಂದರೆ ಸಮನಾಗಿ ಹಂಚಿಕೆಯಾಗಲಿ ಎಂಬುದು ಇದರ ಉದ್ದೇಶ. 31ನೇ ತಾರೀಖಿನ ಮರುದಿನ 1ನೇ ತಾರೀಖು ಬರುವುದರಿಂದ ಎರಡು ದಿನ ಸತತವಾಗಿ ಒಂದೇ ಬದಿ ಉಳಿಯುತ್ತದೆ.

ಖಾಸಗಿಯವರು ತಮ್ಮ ಗೇಟಿಗೆ ತೂಗುಹಾಕುವ 'ನೋ ಪಾರ್ಕಿಂಗ್' ತಗಡಿಗೆ ಅಧಿಸೂಚನೆಯ ಬಲವಿಲ್ಲ. ಆದರೆ ಗೇಟಿನ ಎದುರು ನಿಲ್ಲಿಸುವುದೇ ನಿಯಮಬಾಹಿರವಾದ್ದರಿಂದ ತಗಡು ಇಲ್ಲದಿದ್ದರೂ ಅಲ್ಲಿ ನಿಲ್ಲಿಸುವಂತಿಲ್ಲ. ಅಂಗಡಿಯವರು ತಮ್ಮ ಮುಂದಿನ ರಸ್ತೆಯಲ್ಲಿ ಕುರ್ಚಿ, ಕಲ್ಲು, ಹೂಕುಂಡ ಇಟ್ಟು ಜಾಗ ಹಿಡಿಯುವುದಕ್ಕೂ ಯಾವ ಅಧಿಕಾರವೂ ಇಲ್ಲ.

ನಿಲುದಾಣದ ಬಗೆಗಳು

ರಸ್ತೆಬದಿ ನಿಲುಗಡೆಯಲ್ಲಿ ದ್ವಿಚಕ್ರ ವಾಹನಗಳನ್ನು ಸಾಮಾನ್ಯವಾಗಿ ಅಂಚುಗಲ್ಲಿಗೆ ಲಂಬವಾಗಿ, ಕಿರಿದಾದ ರಸ್ತೆಯಲ್ಲಿ ಓರೆಯಾಗಿ ನಿಲ್ಲಿಸುತ್ತಾರೆ. ಒಂದು ಕಾರಿನ ಉದ್ದದಲ್ಲಿ ನಾಲ್ಕಾರು ಬೈಕು ಹಿಡಿಯುತ್ತವೆ. ರಾಷ್ಟ್ರೀಯ ಕಟ್ಟಡ ಸಂಹಿತೆ ಒಂದು ಕಾರಿಗೆ 2.5 ಮೀಟರ್ ಅಗಲ, 5.5 ಮೀಟರ್ ಉದ್ದ, ಅಂದರೆ 13.75 ಚದರ ಮೀಟರ್ ಜಾಗ ಕೇಳಿದರೆ ಸ್ಕೂಟರಿಗೆ ಕನಿಷ್ಠ 1.25 ಚದರ ಮೀಟರ್ ಎನ್ನುತ್ತದೆ. ಈ ಕನಿಷ್ಠ ಜಾಗದಲ್ಲಿ ಗಾಡಿ ನಿಲ್ಲುತ್ತದೆಯೇ ಹೊರತು ಸವಾರ ಇಳಿದು ಹೊರಬರಲು ಜಾಗ ಸಾಲದು.

ರಸ್ತೆಯಾಚೆಯ ನಿಲುಗಡೆ ಹಲವು ತೆರ: ಕಟ್ಟಡದ ನೆಲಮಾಳಿಗೆ, ಕಂಬಗಳ ನಡುವಿನ ನೆಲಮಹಡಿ, ಬಹುಮಹಡಿ ನಿಲುದಾಣ, ಬಸ್ಸು, ರೈಲು, ಮೆಟ್ರೋ ನಿಲ್ದಾಣಗಳ ಆವರಣ. ಬೆಂಗಳೂರಿನ ಫ್ರೀಡಂ ಪಾರ್ಕ್ ಬಳಿಯ ಬಹುಮಹಡಿ ನಿಲುದಾಣದಲ್ಲಿ ಕಾರುಗಳ ಜೊತೆಗೆ ಬೈಕುಗಳಿಗೂ ಪ್ರತ್ಯೇಕ ಜಾಗವಿದೆ. ನೆಲಮಾಳಿಗೆಯ ಇಳಿಜಾರು ಕಾರಿಗೆಂದು ರೂಪಿಸಿದ್ದಾಗಿದ್ದು, ಮಳೆಯಲ್ಲಿ ನುಣುಪಾದ ಸಿಮೆಂಟಿನ ಮೇಲೆ ಬೈಕು ಜಾರುತ್ತದೆ. ಗೀರು ಹೊಡೆದ ಮೇಲ್ಮೈ ಬೇಕು.

ಹಣ ಪಡೆದು ನಡೆಸುವ ಸ್ಟ್ಯಾಂಡುಗಳಲ್ಲಿ ಕಾವಲಿನವರು ಹ್ಯಾಂಡಲ್ ಲಾಕ್ ಹಾಕಬೇಡಿ ಎನ್ನುವುದು ರೂಢಿ. ಸಾಲಿನ ನಡುವೆ ಗಾಡಿ ಸರಿಸಿ ಹೊಸದಕ್ಕೆ ಜಾಗ ಮಾಡಲು, ಒಳಗಿನ ಗಾಡಿ ಹೊರತೆಗೆಯಲು ಅವರಿಗೆ ಇದು ಬೇಕು. ಹೀಗೆ ಲಾಕ್ ಇಲ್ಲದೆ ಒಪ್ಪಿಸಿದಾಗ ಗಾಡಿಯ ಜವಾಬ್ದಾರಿ ಇನ್ನಷ್ಟು ಸ್ಪಷ್ಟವಾಗಿ ಸ್ಟ್ಯಾಂಡಿನವರದಾಗುತ್ತದೆ.

ಸುರಕ್ಷಿತವಾಗಿ ನಿಲ್ಲಿಸುವ ವಿಧಾನ

ಹಿಂದಿನ ಗಾಲಿ ಅಂಚುಗಲ್ಲಿಗೆ ತಾಗುವಂತೆ, ಮುಖ ರಸ್ತೆಯ ಕಡೆಗಿರುವಂತೆ ನಿಲ್ಲಿಸುವುದು ಉತ್ತಮ ಕ್ರಮ. ಮಳೆನೀರು ಹರಿಯಲೆಂದು ರಸ್ತೆಯ ಮೇಲ್ಮೈ ನಡುವಿನಿಂದ ಅಂಚಿಗೆ ಇಳಿಜಾರಾಗಿರುತ್ತದೆ. ಮುಖವನ್ನು ಅಂಚಿಗೆ ಮಾಡಿ ನಿಲ್ಲಿಸಿದ ಗಾಡಿಯ ಮುಖ ತಗ್ಗಿನಲ್ಲಿರುತ್ತದೆ, ಹೊರಡುವಾಗ ಕಾಲಿನಿಂದ ಒದೆಯುತ್ತ ಏರಿಗೆ ಹಿಂದಕ್ಕೆ ಎಳೆಯಬೇಕು, ಬೆನ್ನು ಬರುವ ವಾಹನಗಳ ಕಡೆಗಿರುತ್ತದೆ. ಹಿಂದಿನ ಗಾಲಿ ಅಂಚಿಗಿದ್ದರೆ ಗಾಡಿ ಹಿಂದಕ್ಕೆ ಸರಿಯದು, ಸೈಡ್ ಸ್ಟ್ಯಾಂಡ್ ಮಡಚದು, ಹೊರಡುವಾಗ ರಸ್ತೆ ನೇರ ಕಣ್ಣಿಗೆ ಬೀಳುತ್ತದೆ.

ಗೇರಿರುವ ಬೈಕನ್ನು ಇಳಿಜಾರಿನಲ್ಲಿ ಮೊದಲ ಗೇರಿನಲ್ಲಿ ಬಿಡಬೇಕು. ಎಂಜಿನ್ನಿನ ಒತ್ತಡ ಹಿಂದಿನ ಗಾಲಿಯನ್ನು ಹಿಡಿದಿಡುತ್ತದೆ. ಗೇರಿಲ್ಲದ ಸ್ಕೂಟರಿನಲ್ಲಿ ಎಂಜಿನ್ ಆರಿದಾಗ ಗಾಲಿ ಸಡಿಲ. ಆದ್ದರಿಂದ ಬ್ರೇಕ್ ಲೀವರಿಗೆ ಪಾರ್ಕಿಂಗ್ ಕೊಕ್ಕೆ ಇದ್ದರೆ ಹಾಕಬೇಕು, ಇಲ್ಲವೇ ಗಾಲಿಗೆ ಕಲ್ಲು ಕೊಡಬೇಕು. ಮಡಿಕೇರಿ, ಚಿಕ್ಕಮಗಳೂರಿನಂಥ ಏರುತಗ್ಗಿನ ಊರುಗಳಲ್ಲಿ ಇದು ನಿತ್ಯದ ಅಗತ್ಯ.

ನೆಲದ ಪಕ್ಕದ ವಾಲಿಕೆಯನ್ನೂ ನೋಡಬೇಕು. ಗಾಡಿಯ ಎಡಬದಿಯ ನೆಲ ಎತ್ತರವಾಗಿದ್ದರೆ ಸೈಡ್ ಸ್ಟ್ಯಾಂಡಿನ ಮೇಲೆ ಗಾಡಿ ಬಹುತೇಕ ನೆಟ್ಟಗೆ ನಿಂತು, ಸಣ್ಣ ನೂಕಿಗೂ ಬಲಕ್ಕೆ ಉರುಳುತ್ತದೆ. ಎಡಬದಿ ತೀರ ತಗ್ಗಿದ್ದರೆ ವಾಲಿಕೆ ಹೆಚ್ಚಿ ಸ್ಟ್ಯಾಂಡಿನ ಮೇಲೆ ಭಾರ ಬೀಳುತ್ತದೆ. ಮಳೆಗಾಲದ ಮೆತ್ತನೆ ಮಣ್ಣಿನಲ್ಲಿ, ಏಪ್ರಿಲ್ ಬಿಸಿಲಿಗೆ ಮೆದುವಾದ ಡಾಂಬರಿನಲ್ಲಿ ಸ್ಟ್ಯಾಂಡಿನ ಪಾದ ನಿಧಾನವಾಗಿ ಹೂತು ಗಾಡಿ ಬೀಳುವುದುಂಟು. ಪಾದದ ಕೆಳಗೆ ಚಪ್ಪಟೆ ಕಲ್ಲು ಅಥವಾ ಹಲಗೆಯ ತುಂಡು ಇಟ್ಟರೆ ಸಾಕು. ಸಾಲಿನಲ್ಲಿ ಒಂದು ಗಾಡಿ ಬಲಕ್ಕೆ ಬಿದ್ದರೆ ಪಕ್ಕದವೂ ಒಂದರ ಮೇಲೊಂದು ಬೀಳುವುದರಿಂದ ಇದು ಸ್ವಂತ ಗಾಡಿಯ ಪ್ರಶ್ನೆ ಮಾತ್ರವಲ್ಲ.

ಬಹುಪಾಲು ಬೈಕುಗಳ ಸೈಲೆನ್ಸರ್ ಬಲಬದಿಗಿದೆ, ಓಡಿಸಿ ನಿಲ್ಲಿಸಿದ ಮೇಲೂ ಕೆಲಕಾಲ ಚರ್ಮ ಸುಡುವಷ್ಟು ಬಿಸಿಯಿರುತ್ತದೆ. ಮಕ್ಕಳು ಓಡಾಡುವ ಕಡೆ ಆ ಬದಿ ಗೋಡೆಗೆ ಬರುವಂತೆ ನಿಲ್ಲಿಸಬೇಕು. ಸೈಲೆನ್ಸರ್ ತಣಿಯುವ ಮುನ್ನ ಪ್ಲಾಸ್ಟಿಕ್ ಹೊದಿಕೆ ಹಾಕಬಾರದು. ಒಣಹುಲ್ಲು, ತರಗೆಲೆಯ ಮೇಲೆ ನಿಲ್ಲಿಸಬಾರದು. ತೆಂಗಿನ ಮರದ ಕೆಳಗಿನ ನೆರಳು ನಂಬುವಂಥದ್ದಲ್ಲ. ಮುಂಗಾರು ಪೂರ್ವದ ಗಾಳಿಮಳೆಯಲ್ಲಿ ಬೆಂಗಳೂರಿನ ಹಳೆಯ ಮರಗಳ ಕೊಂಬೆ ಬಿದ್ದು ಗಾಡಿಗಳು ಜಖಂ ಆಗುವುದು ಪ್ರತಿ ವರ್ಷದ ಸಂಗತಿ. ಕಾರ್ಬುರೇಟರ್ ಇರುವ ಹಳೆಯ ಬೈಕುಗಳಲ್ಲಿ ರಾತ್ರಿ ನಿಲ್ಲಿಸುವಾಗ ಪೆಟ್ರೋಲ್ ನಲ್ಲಿ ಮುಚ್ಚಬೇಕು.

ರಾತ್ರಿ ಹೆದ್ದಾರಿ ಬದಿಯ ನಿಲುಗಡೆ ಅತ್ಯಂತ ಅಪಾಯದ್ದು. ಕೇಂದ್ರ ಮೋಟಾರು ವಾಹನ ನಿಯಮಗಳು ಇತರ ವಾಹನಗಳಿಗೆ ಕಡ್ಡಾಯ ಮಾಡಿರುವ ನಿಲುಗಡೆ ದೀಪದಿಂದ ಮೋಟಾರ್ ಸೈಕಲ್‌ಗೆ ವಿನಾಯಿತಿ ಇದೆ. ಎಂಜಿನ್ ಆರಿದ ಬೈಕು ಕಾಣುವುದು ಹಿಂದಿನ ಕೆಂಪು ಪ್ರತಿಫಲಕದಿಂದ ಮಾತ್ರ. ಅದು ಕೆಸರು ಮೆತ್ತಿಕೊಂಡಿದ್ದರೆ ಲಾರಿ ಚಾಲಕನಿಗೆ ಏನೂ ಕಾಣದು. ಪಂಕ್ಚರ್ ಆದರೆ ಗಾಡಿಯನ್ನು ಡಾಂಬರು ಬಿಟ್ಟು ಕೆಳಗಿಳಿಸಬೇಕು, ಸವಾರರು ಗಾಡಿಯ ಹಿಂದೆ ನಿಲ್ಲದೆ ದೂರ ಸರಿಯಬೇಕು.

ವಿದ್ಯುತ್ ಸ್ಕೂಟರುಗಳಿಗೆ ಬೇರೆ ಎಚ್ಚರ ಬೇಕು. ಮೋಟಾರಿನ ಸದ್ದಿಲ್ಲದ ಕಾರಣ ಗಾಡಿ ಚಾಲೂ ಇರುವುದು ಗೊತ್ತಾಗದೆ, ತಳ್ಳುವಾಗ ಎಕ್ಸಿಲರೇಟರ್ ತಿರುಗಿ ಮುಂದಕ್ಕೆ ನುಗ್ಗುವುದುಂಟು. ಸ್ಟ್ಯಾಂಡ್ ಹಾಕುವ ಮುನ್ನ ಸ್ವಿಚ್ ಆರಿಸಬೇಕು. ನೀರು ನುಗ್ಗುವ ನೆಲಮಾಳಿಗೆಯಲ್ಲಿ ಬಿಡಬಾರದು. ಓಡಿಸಿ ಬಂದ ಕೂಡಲೇ ಬಿಸಿಯಾದ ಬ್ಯಾಟರಿಗೆ ಚಾರ್ಜ್ ಹಾಕಬಾರದು.

ಕಳವು ಮತ್ತು ಹೊಣೆ

ಹ್ಯಾಂಡಲ್ ಲಾಕ್ ಮೊದಲ ರಕ್ಷಣೆ, ಆದರೆ ಅದೊಂದೇ ಸಾಲದು. ಬಲವಾಗಿ ತಿರುಗಿಸಿ ಮುರಿಯಬಹುದು. ಡಿಸ್ಕ್ ಲಾಕ್ ಅಥವಾ ಗಾಲಿಯನ್ನು ಸ್ಥಿರವಾದ ಕಂಬಕ್ಕೆ ಸೇರಿಸಿ ಕಟ್ಟುವ ಚೈನ್ ಲಾಕ್ ಜೊತೆಗಿರಬೇಕು. ಡಿಸ್ಕ್ ಲಾಕ್ ಹಾಕಿದ್ದು ಮರೆತು ಹೊರಟರೆ ಗಾಡಿ ಮುಗ್ಗರಿಸುತ್ತದೆ. ಹ್ಯಾಂಡಲಿಗೆ ಕಟ್ಟುವ ನೆನಪಿನ ದಾರ ಅದಕ್ಕಾಗಿ ಬರುತ್ತದೆ.

ಗಾಡಿ ಕಳವಾದರೆ ಕೂಡಲೇ ಪೊಲೀಸ್ ದೂರು ದಾಖಲಿಸಿ ವಿಮಾ ಕಂಪನಿಗೆ ತಿಳಿಸಬೇಕು. ಪೊಲೀಸರಿಗೆ ತಕ್ಷಣ ದೂರು ಕೊಟ್ಟಿದ್ದರೆ ವಿಮಾ ಕಂಪನಿಗೆ ತಿಳಿಸಲು ತಡವಾಯಿತೆಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ತೀರ್ಪು ಕೊಟ್ಟಿದೆ. ಕೀ ಬಿಟ್ಟು ಹೋದ ಗಾಡಿಯ ವಿಚಾರದಲ್ಲಿ ತಕರಾರು ಏಳುತ್ತದೆ.

ನಿಲುಗಡೆ ಚೀಟಿಯ ಮೇಲೆ 'ವಾಹನಕ್ಕೆ ಮಾಲೀಕರೇ ಜವಾಬ್ದಾರರು' ಎಂದು ಅಚ್ಚಾಗಿರುತ್ತದೆ. ಆ ಸಾಲು ಅಂತಿಮವಲ್ಲ. ಹೋಟೆಲಿನವರಿಗೆ ಕೀ ಸಮೇತ ಒಪ್ಪಿಸಿದ ಕಾರು ಕಳವಾದ ಪ್ರಕರಣದಲ್ಲಿ, ತಮ್ಮ ನಿರ್ಲಕ್ಷ್ಯದ ಹೊಣೆಯಿಂದ ಅಂಥ ಸಾಲಿನ ನೆಪದಲ್ಲಿ ನುಣುಚಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ನವೆಂಬರ್‌ನಲ್ಲಿ ಹೇಳಿತು. ಆಧಾರ 1872ರ ಭಾರತೀಯ ಕರಾರು ಕಾಯ್ದೆಯ 148 ಮತ್ತು 151ನೇ ಕಲಂಗಳು: ಇನ್ನೊಬ್ಬರ ವಸ್ತುವನ್ನು ವಶಕ್ಕೆ ಪಡೆದವರು ಸ್ವಂತ ವಸ್ತುವನ್ನು ಕಾಯುವಷ್ಟು ಎಚ್ಚರದಿಂದ ಕಾಯಬೇಕು. ಸ್ವಾಧೀನ ಒಪ್ಪಿಸಿದ್ದು ಸಾಬೀತಾಗಬೇಕಾದ್ದರಿಂದ ಚೀಟಿಯನ್ನು ಜೋಪಾನವಾಗಿಡಬೇಕು.

ದಂಡ ಮತ್ತು ತೆರವು

ನಿಲುಗಡೆ ಉಲ್ಲಂಘನೆಗೆ ಸಾಮಾನ್ಯವಾಗಿ ಕಾಯ್ದೆಯ 177ನೇ ಕಲಂ ಅನ್ವಯಿಸುತ್ತದೆ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 500 ರೂಪಾಯಿ, ಮತ್ತೆ ಮಾಡಿದರೆ 1,500 ರೂಪಾಯಿವರೆಗೆ ದಂಡ. ಅದಕ್ಕೆ ಮೊದಲು ಇವು 100 ಮತ್ತು 300 ರೂಪಾಯಿ ಇದ್ದವು. ಚಾಲನಾ ವಿನಿಯಮಗಳ ಉಲ್ಲಂಘನೆಗೆ 177ಎ ಕಲಂ 500ರಿಂದ 1,000 ರೂಪಾಯಿ ಎನ್ನುತ್ತದೆ. ಸಂಚಾರಕ್ಕೆ ತಡೆಯಾದರೆ 201ನೇ ಕಲಂ ಅಡಿಯಲ್ಲಿ 500 ರೂಪಾಯಿವರೆಗೆ. ಸ್ಥಳದಲ್ಲೇ ಕಟ್ಟುವ ರಾಜಿ ದಂಡದ ಮೊತ್ತವನ್ನು 200ನೇ ಕಲಂ ಪ್ರಕಾರ ಆಯಾ ರಾಜ್ಯ ಗೊತ್ತುಮಾಡುತ್ತದೆ. ಎಳೆದೊಯ್ದಿದ್ದರೆ ಆ ಶುಲ್ಕ ಬೇರೆ.

ಗಾಡಿ ಇಟ್ಟ ಜಾಗದಲ್ಲಿ ಕಾಣದಿದ್ದರೆ ಕಳವೆಂದು ಗಾಬರಿಯಾಗುವ ಮುನ್ನ ಹತ್ತಿರದ ಸಂಚಾರ ಠಾಣೆಯಲ್ಲಿ ವಿಚಾರಿಸಬೇಕು. ಬಿಡಿಸಿಕೊಳ್ಳಲು ನೋಂದಣಿ ಪತ್ರ, ಚಾಲನಾ ಪರವಾನಗಿ ಬೇಕು. ಡಿಜಿಲಾಕರ್‌ನಲ್ಲಿರುವ ಪ್ರತಿಗೂ ಮಾನ್ಯತೆ ಇದೆ. ಹಣ ಕಟ್ಟಿದ್ದಕ್ಕೆ ರಸೀದಿ ಪಡೆಯುವುದು, ಎಳೆಯುವಾಗ ಆದ ಗೀರು, ಮುರಿತಗಳನ್ನು ಅಲ್ಲೇ ಬರೆಸುವುದು ಸವಾರನ ಹಕ್ಕು.

ಕ್ಯಾಮೆರಾದಿಂದ ದಾಖಲಿಸುವ ಉಲ್ಲಂಘನೆಗಳಿಗೆ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 2021ರಲ್ಲಿ ಸೇರಿಸಿದ 167ಎ ನಿಯಮ ಅನ್ವಯಿಸುತ್ತದೆ. ಅಪರಾಧ ನಡೆದ 15 ದಿನಗಳೊಳಗೆ ನೋಟಿಸ್ ಕಳಿಸಬೇಕು. 122ನೇ ಕಲಮಿನ ನಿಲುಗಡೆಯೂ ಈ ನಿಯಮದ ಪಟ್ಟಿಯಲ್ಲಿದೆ.

ಇತರ ದೇಶಗಳಲ್ಲಿ

ನಿಲುಗಡೆ ನಿಷೇಧದ ಫಲಕ 1968ರ ವಿಯೆನ್ನಾ ಒಪ್ಪಂದದಿಂದಾಗಿ ಬಹಳಷ್ಟು ದೇಶಗಳಲ್ಲಿ ಒಂದೇ ರೂಪದಲ್ಲಿದೆ. ಆದರೆ ಮೋಟಾರ್ ಸೈಕಲ್ ಬಗೆಗಿನ ಧೋರಣೆ ಬೇರೆ ಬೇರೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಪಾದಚಾರಿಗಳಿಗೆ ಅಡ್ಡಿಯಾಗದಿದ್ದರೆ ಫುಟ್‌ಪಾತ್ ಮೇಲೆ ಬೈಕ್ ನಿಲ್ಲಿಸಲು ಅವಕಾಶವಿದೆ. ಅಲ್ಲಿಂದ ಕಲಿತವರು ಅಲ್ಲಿನ ಫುಟ್‌ಪಾತ್‌ನ ಅಗಲವನ್ನೂ ನೋಡಬೇಕು. ಲಂಡನ್‌ನಲ್ಲಿ 1974ರ ಕಾಯ್ದೆಯ ನಂತರ ಫುಟ್‌ಪಾತ್ ನಿಲುಗಡೆ ನಿಷಿದ್ಧ. ಜಪಾನ್ 2006ರಲ್ಲಿ ತನ್ನ ನಿಲುದಾಣ ಕಾಯ್ದೆಯ ವ್ಯಾಪ್ತಿಗೆ ಮೋಟಾರ್ ಸೈಕಲ್‌ಗಳನ್ನೂ ತಂದಿತು. ಪ್ಯಾರಿಸ್ 2022ರ ಸೆಪ್ಟೆಂಬರ್‌ನಿಂದ ಪೆಟ್ರೋಲ್ ದ್ವಿಚಕ್ರ ವಾಹನಗಳ ರಸ್ತೆಬದಿ ನಿಲುಗಡೆಗೆ ಶುಲ್ಕ ವಿಧಿಸಿ, ವಿದ್ಯುತ್ ಚಾಲಿತಗಳನ್ನು ಬಿಟ್ಟಿತು.

ಇಂದಿನ ಸ್ಥಿತಿ

2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ನಿಲುಗಡೆ ಶುಲ್ಕವು ಆ ಜಾಗದ ನಿಜವಾದ ಬೆಲೆಯನ್ನು ಪ್ರತಿಬಿಂಬಿಸಬೇಕು ಎಂದಿತು. ಕರ್ನಾಟಕದ ನಗರ ಭೂ ಸಾರಿಗೆ ನಿರ್ದೇಶನಾಲಯ ಇದೇ ಜಾಡಿನಲ್ಲಿ ರೂಪಿಸಿದ ಬೆಂಗಳೂರಿನ ನಿಲುಗಡೆ ನೀತಿ 2.0ಕ್ಕೆ 2021ರಲ್ಲಿ ರಾಜ್ಯ ಸರ್ಕಾರದ ಒಪ್ಪಿಗೆ ದೊರೆಯಿತು. ಬಿಟ್ಟಿ, ಅಸ್ತವ್ಯಸ್ತ ನಿಲುಗಡೆಯಿಂದ ಶುಲ್ಕಸಹಿತ, ವ್ಯವಸ್ಥಿತ ನಿಲುಗಡೆಗೆ ಪ್ರದೇಶವಾರು ಯೋಜನೆಗಳ ಮೂಲಕ ಸಾಗುವುದು ಅದರ ಗುರಿ. ನೀತಿ ಒಳ್ಳೆಯದು, ಜಾರಿ ನಿಧಾನ.

ಬೆಂಗಳೂರಿನಲ್ಲಿ ಖಾಸಗಿ ಟೋಯಿಂಗ್ ಸಿಬ್ಬಂದಿಯ ವರ್ತನೆಯ ವಿರುದ್ಧ ದೂರುಗಳು ಹೆಚ್ಚಿದ ಮೇಲೆ 2022ರ ಫೆಬ್ರವರಿಯಲ್ಲಿ ಸರ್ಕಾರ ಟೋಯಿಂಗ್ ನಿಲ್ಲಿಸಿತು. ದಂಡ ಮುಂದುವರಿಯಿತು. ಬಾಕಿ ಬಿದ್ದ ಇ-ಚಲನ್ ದಂಡಕ್ಕೆ 2023ರ ಫೆಬ್ರವರಿಯಲ್ಲಿ ಶೇ 50 ರಿಯಾಯಿತಿ ಕೊಟ್ಟಾಗ ಜನ ಠಾಣೆಗಳ ಮುಂದೆ ಸಾಲುಗಟ್ಟಿದರು. ಆದರೆ ದಂಡದಿಂದ ಜಾಗ ಹುಟ್ಟುವುದಿಲ್ಲ. ಮಾರುಕಟ್ಟೆ, ಆಸ್ಪತ್ರೆ, ಕಚೇರಿಗಳ ಹತ್ತಿರ ಗುರುತು ಹಾಕಿದ ಬೈಕ್ ನಿಲುದಾಣ ಇಲ್ಲದ ಕಡೆ ಗಾಡಿಗಳು ಫುಟ್‌ಪಾತ್ ಹತ್ತುವುದು ಸಹಜವಾಗಿಬಿಟ್ಟಿದೆ. ಒಂದು ಕಾರಿನ ಜಾಗಕ್ಕೆ ಗೆರೆ ಎಳೆದು ಬೈಕುಗಳಿಗೆ ಬಿಟ್ಟುಕೊಡುವುದು ಸ್ಥಳೀಯ ಸಂಸ್ಥೆಗಳಿಗೆ ಅತಿ ಕಡಿಮೆ ಖರ್ಚಿನ ಪರಿಹಾರ.

ವಿದ್ಯುತ್ ವಾಹನಗಳ ಸಲುವಾಗಿ ಕೇಂದ್ರ ಸರ್ಕಾರ 2019ರಲ್ಲಿ ಮಾದರಿ ಕಟ್ಟಡ ಉಪವಿಧಿಗಳನ್ನು ತಿದ್ದಿ, ಕಟ್ಟಡದ ನಿಲುಗಡೆ ಸಾಮರ್ಥ್ಯದ ಶೇ 20ರಷ್ಟಕ್ಕೆ ಚಾರ್ಜಿಂಗ್ ವ್ಯವಸ್ಥೆ ಇರಬೇಕೆಂದು ಸೂಚಿಸಿತು. ಉಪವಿಧಿಗಳು ಮಾದರಿ ಮಾತ್ರವಾದ್ದರಿಂದ ಅವನ್ನು ಅಳವಡಿಸಿಕೊಳ್ಳುವ ಅಧಿಕಾರ ಆಯಾ ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳದು.